ಜಕ್ಕಿಯಬ್ಬೆಯ ಬಂದಳಿಕೆ ಶಾಸನ: ವ್ಯಾಧಿ, ವ್ರತ ಮತ್ತು ಸ್ತ್ರೀತ್ವ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯು ಶಾಸನಗಳಲ್ಲಿ ಬಂದಣಿಕೆಯೆಂದು ಹೆಸರಾದ ಪ್ರಾಚೀನ ಜೈನ ತೀರ್ಥ. ಇಲ್ಲಿಯ ಶಾಸನವೊಂದು (ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 7, ಶಿಕಾರಿಪುರ 219) ರಾಷ್ಟ್ರಕೂಟ ಕನ್ನರದೇವನ ಹೆಸರನ್ನು ಹೇಳಿ, ಜಕ್ಕಿಯಬ್ಬೆಯೆಂಬ ಶ್ರಾವಿಕೆಯ ಚರಿತವನ್ನು ನಿರೂಪಿಸುತ್ತದೆ. ಇದರ ಕಾಲ 10ನೆಯ ಶತಮಾನದ ಎರಡನೆಯ ದಶಕ.

ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡ ಮೇಲೆ, ರಾಜಾಜ್ಞೆಯಂತೆ ಆ ಪದವಿಯು ಅವನ ಪತ್ನಿಗೆ ಸಂದಿತು. ಆಕೆ ಹೆಣ್ಣಾಗಿದ್ದೂ ವೀರಗುಣದಿಂದ ನಾಡನ್ನು ಪಾಲಿಸಿದಳು, ಜಿನೇಂದ್ರಶಾಸನದಲ್ಲಿ ಭಕ್ತಿಯುಳ್ಳವಳಾಗಿದ್ದಳು ಎಂದು ಶಾಸನಕವಿ ಹೊಗಳುತ್ತಾನೆ. ಮುಂದೆ ದೇಹಕ್ಕೆ ವ್ಯಾಧಿಯಡಸಿತು. ಸಂಸಾರಭೋಗವು ನಿಸ್ಸಾರವೆಂದು ಬಗೆದು, ಮಗಳನ್ನು ಕರೆಸಿ ತನ್ನದೆಲ್ಲವನ್ನೂ ಅವಳಿಗೊಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ವ್ರತವನ್ನು ಕೈಗೊಂಡು ಮುಡಿಪಿದಳು.

ಚರಿತ್ರಕಾರರು ಸ್ತ್ರೀಯರ ಅಧಿಕಾರಕ್ಕೆ ನಿದರ್ಶನವಾಗಿ ಶಾಸನದ ಪೂರ್ವಭಾಗವನ್ನೂ, ಧರ್ಮಜ್ಞರು ಸಮಾಧಿಮರಣಕ್ಕೆ ನಿದರ್ಶನವಾಗಿ ಉತ್ತರಭಾಗವನ್ನೂ ಎತ್ತಿಕೊಳ್ಳುವುದು ವಾಡಿಕೆ. ಹೀಗೆ ಬೇರ್ಪಡಿಸಿದರೆ ಕೃತಿಯ ಹೃದಯವೇ ತಪ್ಪಿಹೋಗುತ್ತದೆ. ನಡುವೆ ನಿಂತು ಎರಡನ್ನೂ ಬೆಸೆಯುವುದು ವ್ಯಾಧಿಯ ಪ್ರಸ್ತಾಪ.

ಶ್ರವಣಬೆಳಗೊಳದ ಪ್ರಾಚೀನ ಶಾಸನವೊಂದು ನಾಗಮತಿ ಗಂತಿಯರು ಮೂರು ತಿಂಗಳು ನೋಂತು ಮುಡಿಪಿದುದನ್ನಷ್ಟೇ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಜಕ್ಕಿಯಬ್ಬೆಯ ಕವಿಯಾದರೋ ಕಾರಣವನ್ನು ಮರೆಮಾಚಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಸಲ್ಲೇಖನೆಗೆ ಹೇಳಿದ ಸಂದರ್ಭಗಳು ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ಪ್ರತೀಕಾರವಿಲ್ಲದ ರೋಗ. ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ಮೊದಲು ತೊರೆಯಬೇಕೆಂಬುದೂ ಅವರ ವಿಧಿ. ಮಗಳಿಗೆ ಸರ್ವಸ್ವವನ್ನೂ ಒಪ್ಪಿಸಿದ ಸಂಗತಿಯನ್ನು ಈ ವಿಧಿಯೊಡನೆ ಇಟ್ಟು ನೋಡಿದರೆ, ಅದು ಬರಿಯ ಕೌಟುಂಬಿಕ ವಿವರವಲ್ಲ, ಪರಿಗ್ರಹತ್ಯಾಗವೇ ಆಗಿದೆ ಎಂಬುದು ತಿಳಿಯುತ್ತದೆ.

ಸಲ್ಲೇಖನೆಯು ಆತ್ಮಹತ್ಯೆಯೇ ಎಂಬ ವಿವಾದವು 2015ರಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯದಲ್ಲಿ ತೀರ್ಪಿಗೆ ಬಂದು, ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅಂಥ ಚರ್ಚೆಯಲ್ಲಿ ಈ ಶಾಸನದ ಸಾಕ್ಷ್ಯಕ್ಕೆ ವಿಶೇಷ ಬೆಲೆಯುಂಟು. ಇಲ್ಲಿ ಹತಾಶೆಯ ಸುಳಿವಿಲ್ಲ, ವೈಧವ್ಯದ ಗೋಳಿಲ್ಲ. ವಿವೇಚನೆ, ಹೊಣೆಯ ಹಸ್ತಾಂತರ, ಬಳಿಕ ವ್ರತ ಎಂಬ ಕ್ರಮವಿದೆ. ನಾಡನ್ನಾಳಿದ ಧೈರ್ಯವೇ ರೋಗಿಷ್ಠ ದೇಹವನ್ನು ಬಿಡುವಾಗಲೂ ಆಕೆಗೆ ಒದಗಿತೆಂದು ಕವಿಯು ಕಂಡಂತಿದೆ. ಆದ್ದರಿಂದ ಈ ಶಾಸನವನ್ನು ಆದ್ಯಂತವಾಗಿ, ಒಂದೇ ಚರಿತವಾಗಿ ಓದುವುದು ಯುಕ್ತ.