ದಿನಚರಿಗೆ ಯಾವ ವಹಿ, ಯಾವ ಪೆನ್ನಿಗೆ ಯಾವ ಹಾಳೆ

ದಿನಚರಿ ಬರೆಯಬೇಕೆಂದು ಹೊರಟವರು ಪೆನ್ನನ್ನು ಆರಿಸಿ ಆರಿಸಿ ಕೊಳ್ಳುತ್ತಾರೆ, ವಹಿಯನ್ನು ಮಾತ್ರ ಕೈಗೆ ಸಿಕ್ಕದ್ದು ತರುತ್ತಾರೆ. ಮಸಿ ಹಿಂದಿನ ಪುಟಕ್ಕೆ ಇಳಿದಾಗ ದೂರು ಪೆನ್ನಿನ ಮೇಲೆ ಹೋಗುತ್ತದೆ. ಬಹಳ ಸಲ ತಪ್ಪು ಹಾಳೆಯದು. ಕಲಬುರಗಿಯ ಸ್ಟೇಶನ್ ಬಜಾರದಂಥ ಪೇಟೆಗೆ ಹೋದವರ ಮುಂದೆ ಶಾಲೆಯ ನೋಟ್‌ಬುಕ್, ಲಾಂಗ್ ಬುಕ್, ಸ್ಪೈರಲ್ ವಹಿ, ರೆಕ್ಸಿನ್ ಹೊದಿಕೆಯ ಡೈರಿ, ವ್ಯಾಪಾರಸ್ಥರ ಖಾತೆ ಪುಸ್ತಕ ಹೀಗೆ ಹಲವು ಬಗೆ ಇರುತ್ತವೆ. ಇವುಗಳಲ್ಲಿ ತುಟ್ಟಿಯದೇ ಚಲೋದು ಎನ್ನುವ ಹಾಗಿಲ್ಲ. ಹೊದಿಕೆ ಚೆಂದವಿದ್ದಷ್ಟೂ ಹಾಳೆಯನ್ನು ಅನುಮಾನದಿಂದ ನೋಡುವುದು ಒಳ್ಳೆಯದು.

ತೂಕ ಏನು ಹೇಳುತ್ತದೆ

ಹೆಚ್ಚಿನ ನೋಟ್‌ಬುಕ್ಕುಗಳ ರಟ್ಟಿನ ಮೇಲೆ 54, 58, 60, 70 ಹೀಗೆ ಜಿಎಸ್‌ಎಂ ಅಚ್ಚಾಗಿರುತ್ತದೆ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದಷ್ಟೇ ಅದರ ಅರ್ಥ. ಜೆರಾಕ್ಸ್ ಅಂಗಡಿಯ ಹಾಳೆ ಸಾಮಾನ್ಯವಾಗಿ 70ರಿಂದ 80.

ಸಂಖ್ಯೆ ಅಚ್ಚಾಗಿರದಿದ್ದರೆ ಕಾಟಾ ಸಾಕು. ಎ4 ಹಾಳೆ ಎಂದರೆ ಚದರ ಮೀಟರಿನ ಹದಿನಾರನೇ ಒಂದು ಭಾಗ. ಹದಿನಾರು ಹಾಳೆ ತೂಗಿದಾಗ ಎಷ್ಟು ಗ್ರಾಂ ಬರುತ್ತದೋ ಅದೇ ಜಿಎಸ್‌ಎಂ. ವಹಿಗೂ ಇದೇ ಲೆಕ್ಕ. 24 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ 200 ಪುಟದ ವಹಿಯಲ್ಲಿ ನೂರು ಹಾಳೆ, ಒಟ್ಟು 4.32 ಚದರ ಮೀಟರ್. ಹಾಳೆ 58 ಜಿಎಸ್‌ಎಂ ಇದ್ದರೆ ರಟ್ಟು ಬಿಟ್ಟು ಸುಮಾರು 250 ಗ್ರಾಂ, 70 ಇದ್ದರೆ 300 ಗ್ರಾಂ ತೂಗಬೇಕು. ಲೆಕ್ಕ ಹಾಕುವ ಮುನ್ನ ಪುಟಗಳ ಸಂಖ್ಯೆಯಲ್ಲಿ ರಟ್ಟನ್ನೂ ಸೇರಿಸಿದ್ದಾರೆಯೇ ಎಂದು ಸಣ್ಣಕ್ಷರ ಓದಿಕೊಳ್ಳಬೇಕು.

ಇಷ್ಟಾದರೂ ತೂಕ ಅರ್ಧ ಮಾತನ್ನಷ್ಟೇ ಹೇಳುತ್ತದೆ. ಫೌಂಟನ್ ಪೆನ್ ಪ್ರಿಯರು ಮೆಚ್ಚುವ ಜಪಾನಿನ ‘ಟೊಮೊಯೆ ರಿವರ್’ ಕಾಗದ ಬರೀ 52 ಜಿಎಸ್‌ಎಂ, ನಮ್ಮ ಮಕ್ಕಳ ಶಾಲೆಯ ವಹಿಗಿಂತ ತೆಳು. ಅದರ ಮೇಲೆ ಗೆರೆಯ ಅಂಚಿನಲ್ಲಿ ಮಸಿ ಒಡೆಯುವುದಿಲ್ಲ, ಹಿಂದಕ್ಕೆ ಇಳಿಯುವುದೂ ಇಲ್ಲ. ಅತ್ತ, ಡ್ರಾಯಿಂಗ್ ಪುಸ್ತಕದ ದಪ್ಪ ಹಾಳೆ ಎಷ್ಟೋ ಸಲ ಮಸಿಯನ್ನು ಕುಡಿದುಬಿಡುತ್ತದೆ.

ಮಸಿ ನಿಲ್ಲಿಸುವ ಗುಣ

ಕಾಗದವೆಂದರೆ ಸಸ್ಯದ ನಾರಿನ ಹೆಣಿಗೆ. ನಾರಿಗೆ ಏನೂ ಮಾಡದೆ ಹಾಳೆ ಒಣಗಿಸಿದರೆ ಅದು ಬ್ಲಾಟಿಂಗ್ ಪೇಪರಿನಂತೆ ಹೀರುತ್ತದೆ. ಅದಕ್ಕಾಗಿ ಗಿರಣಿಯಲ್ಲಿ ತಿರುಳಿಗೇ ನೀರು ತಡೆಯುವ ಪದಾರ್ಥ ಬೆರೆಸುತ್ತಾರೆ, ಮೇಲ್ಮೈಗೆ ಸ್ಟಾರ್ಚಿನ ತೆಳು ಲೇಪ ಕೊಡುತ್ತಾರೆ. ಸೈಜಿಂಗ್ ಎನ್ನುವುದು ಇದನ್ನೇ. ಯಂತ್ರ ಬರುವ ಮೊದಲೂ ಈ ಕೆಲಸ ಇತ್ತು: ಕೈಕಾಗದದವರು ಹಾಳೆಗೆ ಗಂಜಿ ಬಳಿದು, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಕಲಬುರಗಿಯಂತೆಯೇ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ದೌಲತಾಬಾದಿನ ಬಳಿ ಕಾಗಝೀಪುರ ಎಂಬ ಊರೇ ಈ ಕಸುಬಿನ ಮೇಲೆ ನಿಂತಿತ್ತು. ಮುಂದೆ ಇದೇ ಸಂಸ್ಥಾನದಲ್ಲಿ ಸಿರ್ಪುರ್ ಕಾಗದ ಗಿರಣಿ ಎದ್ದಿತು. ಅದರಿಂದಾಗಿ ಗಿರಣಿ ನಿಂತ ಊರಿಗೆ ಕಾಗಜ್‌ನಗರ ಎಂಬ ಹೆಸರು ಬಂತು. 2014ರಲ್ಲಿ ನಿಂತ ಆ ಗಿರಣಿ 2018ರಲ್ಲಿ ಜೆ.ಕೆ. ಪೇಪರ್ ಕೈಗೆ ಹೋಗಿ ಮತ್ತೆ ಶುರುವಾಯಿತು. ಕರ್ನಾಟಕದಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಿಂದ ಕಾಗದ ತಯಾರಿಸುತ್ತಿದೆ. ತಮಿಳುನಾಡಿನ ಕರೂರಿನ ಬಳಿಯ ಟಿಎನ್‌ಪಿಎಲ್ ಗಿರಣಿ ಕಬ್ಬಿನ ಸಿಪ್ಪೆಯಿಂದಲೇ ಬರೆಯುವ ಕಾಗದ ಮಾಡಿ ಹೆಸರಾದದ್ದು. ಗಿರಣಿ ಬದಲಾದಂತೆ ಸೈಜಿಂಗೂ ಬದಲಾಗಬಹುದು.

ನೋಟ್‌ಬುಕ್ ಕಟ್ಟುವವರು ಯಾವ ವರ್ಷ ಯಾವ ಗಿರಣಿಯ ರೀಲು ಸಿಗುತ್ತದೋ ಅದನ್ನು ಕೊಳ್ಳಬಹುದು. ಹೀಗಾಗಿ ಹೋದ ವರ್ಷದ ವಹಿ ಚಲೋ ಇತ್ತೆಂದು ಅದೇ ಹೆಸರಿನದನ್ನು ಡಜನ್‌ಗಟ್ಟಲೆ ತರುವುದು ಜಾಣತನವಲ್ಲ. ಒಂದು ತಂದು, ಹಾಳೆಯ ಮೇಲೆ ನೀರಿನ ಹನಿ ಇಟ್ಟು ನೋಡಿ. ಹನಿ ಗುಂಡಗೆ ಕೆಲಹೊತ್ತು ನಿಂತರೆ ಸೈಜಿಂಗ್ ಗಟ್ಟಿ. ಕೂಡಲೇ ಕಪ್ಪಾಗಿ ಹಬ್ಬಿದರೆ ಆ ವಹಿ ಬಾಲ್ ಪೆನ್ನಿಗೆ ಮಾತ್ರ.

ಪೆನ್ನಿಗೆ ತಕ್ಕ ಹಾಳೆ

ಬಾಲ್ ಪೆನ್ನಿನ ಮಸಿ ಎಣ್ಣೆಯಂಶದ, ಅಂಟಂಟಾದ ಪದಾರ್ಥ. ಅದು ನಾರಿನೊಳಗೆ ಓಡುವುದಿಲ್ಲ, ಆದ್ದರಿಂದ ಅಗ್ಗದ ಹಾಳೆಗೂ ನಡೆಯುತ್ತದೆ. ಅದರ ತೊಂದರೆ ಬೇರೆ: ಒತ್ತಿ ಬರೆಯುವವರ ಅಕ್ಷರ ಹಿಂಬದಿಯಲ್ಲಿ ಉಬ್ಬಿ ಕಾಣುತ್ತದೆ. ಇಲ್ಲಿ ತೂಕ ನಿಜವಾಗಿ ಉಪಯೋಗಕ್ಕೆ ಬರುತ್ತದೆ. 70ರ ಹಾಳೆ ಇದ್ದರೆ ಎರಡೂ ಬದಿ ನೆಮ್ಮದಿಯಿಂದ ಬರೆಯಬಹುದು. ಹೊಳೆಯುವ ಆರ್ಟ್ ಪೇಪರಿನ ಡೈರಿಯಲ್ಲಿ ಬಾಲು ಹಿಡಿತ ಸಿಗದೆ ಜಾರುತ್ತದೆ, ಅಕ್ಷರ ಅಲ್ಲಲ್ಲಿ ತಪ್ಪುತ್ತದೆ.

ಜೆಲ್ ಪೆನ್ನಿನದು ನೀರಿನಂಶದ ಗಟ್ಟಿ ದ್ರವ, ಬಣ್ಣ ಬಹುಮಟ್ಟಿಗೆ ಸಣ್ಣ ಕಣಗಳ ರೂಪದಲ್ಲಿರುತ್ತದೆ. ಕಣಗಳು ಹಾಳೆಯ ಮೇಲೆ ಕೂರುವುದರಿಂದ ಅಕ್ಷರ ಕಪ್ಪಗೆ ಎದ್ದು ಕಾಣುತ್ತದೆ, ನೀರು ಬಿದ್ದರೂ ತಡೆಯುತ್ತದೆ. ಅತಿ ನುಣುಪು ಹಾಳೆಯಲ್ಲಿ ಒಣಗಲು ತಡ. ಎಡಗೈಯಲ್ಲಿ ಬರೆಯುವವರ ಅಂಗೈಗೆ ಆ ದಿನದ ಕಥೆಯೆಲ್ಲ ಮೆತ್ತಿಕೊಳ್ಳುತ್ತದೆ. 0.5 ಮಿ.ಮೀ. ಮೊನೆ, ತುಸು ಒರಟು ಹಾಳೆ ಅಂಥವರಿಗೆ ಸರಿ.

ಹಾಳೆಯ ನಿಜ ಪರೀಕ್ಷೆ ಫೌಂಟನ್ ಪೆನ್ನಿನದು. ಅದರ ಮಸಿ ಬಣ್ಣ ಕರಗಿದ ನೀರೇ ಸರಿ. ಸೈಜಿಂಗ್ ಸೊರಗಿದಲ್ಲಿ ಗೆರೆಯ ಅಂಚಿಗೆ ಕೂದಲೆಳೆ ಒಡೆಯುತ್ತವೆ, ಇನ್ನೂ ಕೆಟ್ಟದಾದರೆ ಹಿಂಬದಿಯಲ್ಲಿ ಚುಕ್ಕಿ ಚುಕ್ಕಿ ಮೂಡುತ್ತದೆ. ಬರೀ ನೆರಳು ಕಂಡರೆ ಅದು ದೋಷವಲ್ಲ, ತೆಳು ಹಾಳೆಯ ಸ್ವಭಾವ. ಫೌಂಟನ್ ಪೆನ್ನಿನ ಗೀಳು ಹತ್ತಿದವರಿಗೆ ಹೈದರಾಬಾದಿನ ಅಬಿಡ್ಸ್‌ನಲ್ಲಿ 1928ರಿಂದ ಇರುವ ಡೆಕ್ಕನ್ ಪೆನ್ ಸ್ಟೋರ್ಸ್ ಕಲಬುರಗಿಯಿಂದ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರ. ವಹಿಗಾಗಿ ಅಷ್ಟು ದೂರ ಹೋಗಬೇಕಿಲ್ಲ.

ಸ್ಪಿರಿಟ್ ಮಾರ್ಕರಿಗೆ ಯಾವ ವಹಿಯೂ ತಡೆಯದು. ಅದನ್ನು ದಿನಚರಿಯಿಂದ ದೂರ ಇಡುವುದೇ ಉಪಾಯ.

ಕನ್ನಡ ಅಕ್ಷರದ ಬೇಡಿಕೆ

ನೋಟ್‌ಬುಕ್ಕಿನ ಗುಣ ಹೇಳುವವರು ಸಾಮಾನ್ಯವಾಗಿ ಇಂಗ್ಲಿಷ್ ಬರೆದು ನೋಡಿ ಹೇಳುತ್ತಾರೆ. ಕನ್ನಡದ ಪಾಡು ಬೇರೆ. ‘ರ’ಕ್ಕೂ ‘ಠ’ಕ್ಕೂ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕಿ. ‘ದ’, ‘ಧ’, ‘ಥ’ಗಳನ್ನು ಬೇರೆ ಮಾಡುವುದು ಒಂದು ಸೀಳು, ಒಂದು ಬೊಟ್ಟು. ಮಸಿ ಹಬ್ಬುವ ಹಾಳೆಯಲ್ಲಿ ದಪ್ಪ ನಿಬ್ಬು ಆಡಿಸಿದರೆ ಈ ಕಿಂಡಿಗಳೆಲ್ಲ ಮುಚ್ಚಿ, ಆರು ತಿಂಗಳ ನಂತರ ಬರೆದವರಿಗೇ ಓದಲು ಬಾರದು. ಆದ್ದರಿಂದ ಕನ್ನಡಕ್ಕೆ ಫೈನ್ ನಿಬ್ಬೇ ಹಿತ. ಜಪಾನಿನ ಫೈನ್ ನಿಬ್ಬು ಯೂರೋಪಿನದಕ್ಕಿಂತ ಸಾಮಾನ್ಯವಾಗಿ ಸಣ್ಣ.

ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ‘ಸ್ತ್ರೀ’ಯಂಥ ಅಕ್ಷರಕ್ಕೆ ಇಕ್ಕಟ್ಟಾದ ಗೆರೆ ಸಾಲದು. ಸ್ಕೇಲಿನಿಂದ ಅಳೆದು, ಎರಡು ಗೆರೆಯ ನಡುವೆ 8 ಮಿ.ಮೀ. ಆಸುಪಾಸು ಇರುವುದನ್ನು ಕೊಳ್ಳಿ. ವಿದೇಶಿ ಡೈರಿಗಳ ಚುಕ್ಕಿ ಹಾಳೆಯಲ್ಲಿ ಸಾಮಾನ್ಯವಾಗಿ 5 ಮಿ.ಮೀ. ಅಂತರ, ಅಲ್ಲಿ ಕನ್ನಡ ಬರೆಯಲು ಎರಡು ಸಾಲಿನ ಜಾಗ ಬೇಕು.

ಖಾತೆ-ಕಿರ್ದಿಯ ವಹಿ

ದಿನದಿನದ ಬರಹ ಕಲಬುರಗಿಯ ಪೇಟೆಗೆ ಹೊಸದೇನಲ್ಲ. ಕಾಗದಕ್ಕೆ ಮುಂಚೆ ಕನ್ನಡದ ಶಾನುಭೋಗರೂ ವ್ಯಾಪಾರಿಗಳೂ ಕಡತದಲ್ಲಿ ಬರೆದರು: ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಹಚ್ಚಿ ಕಪ್ಪು ಮಾಡಿ, ಬಳಪದಿಂದ ಬೆಳ್ಳಗೆ ಬರೆದು, ಮಡಿಸಿ ಇಡುತ್ತಿದ್ದರು. ಆಮೇಲೆ ಕೆಂಪು ಬಟ್ಟೆಯ ಖಾತೆ ಪುಸ್ತಕ ಬಂತು. ತೊಗರಿಯ ನಾಡಾದ ಕಲಬುರಗಿಯಲ್ಲಿ ಅಡತಿ ಅಂಗಡಿಗಳ ವ್ಯವಹಾರವೆಲ್ಲ ದಿನದ ಲೆಕ್ಕದ ಪುಸ್ತಕವಾದ ರೋಜ ಕಿರ್ದಿಯಲ್ಲಿ ಸೇರುತ್ತಿತ್ತು. ದೀಪಾವಳಿಗೆ ಪೂಜೆಯೂ ಅದಕ್ಕೇ. ಈಗ ಲೆಕ್ಕ ಕಂಪ್ಯೂಟರಿನ ಟ್ಯಾಲಿಗೆ ಹೋಗಿದೆ.

ನನ್ನ ಮಾತು ಕೇಳುವುದಾದರೆ, ದಿನಚರಿ ಬರೆಯುವವರು ನೋಡಬೇಕಾದದ್ದು ಅಂಗಡಿಯಲ್ಲಿ ಖಾತೆ ಪುಸ್ತಕಗಳಿರುವ ಮೂಲೆಯನ್ನು. ಖಾತೆಯ ಕಾಗದ ಎರಡೂ ಬದಿ ಮಸಿಯಲ್ಲಿ ಬರೆಯಲೆಂದು, ಉಜ್ಜಿ ಅಳಿಸಿದರೂ ಹರಿಯದಿರಲೆಂದು, ವರ್ಷಗಟ್ಟಲೆ ಬಾಳಲೆಂದು ತಯಾರಾದದ್ದು. ಗಟ್ಟಿ ಸೈಜಿಂಗ್ ಅದರ ಹುಟ್ಟುಗುಣ. ತಿಳಿನೀಲಿ ಛಾಯೆಯ, ಬೆಳಕಿಗೆ ಹಿಡಿದರೆ ಒಳಗೆ ಗೆರೆ ಕಾಣುವ ‘ಅಜುರ್‌ಲೇಡ್’ ಸಿಕ್ಕರೆ ಬಿಡಬೇಡಿ. ಜಮಾ-ಖರ್ಚಿನ ಕೆಂಪು ಗೆರೆ ಅಡ್ಡ ಬರುತ್ತದೆ ಎನ್ನುವವರು ಬರೀ ಸಾಲು ಗೆರೆಯ ರಿಜಿಸ್ಟರ್ ಕೇಳಬಹುದು.

ಹೊಲಿಗೆ

ಪಿನ್ ಹೊಡೆದ ವಹಿ ಅಗ್ಗ, ಆದರೆ ನಡುಹಾಳೆ ಬೇಗ ಕಳಚುತ್ತದೆ. ಬರೀ ಗೋಂದಿನದು ಅಂಗೈ ಅಗಲ ತೆರೆದರೆ ಬೆನ್ನು ಬಿರಿಯುತ್ತದೆ. ಸ್ಪೈರಲ್ ಪೂರ್ತಿ ಮಡಚುತ್ತದೆ, ಚೀಲದಲ್ಲಿ ತಂತಿ ಸೊಟ್ಟಗಾಗುತ್ತದೆ. ದಾರದಿಂದ ಹೊಲಿದು ರಟ್ಟು ಕಟ್ಟಿದ್ದೇ ವರ್ಷಾನುಗಟ್ಟಲೆ ನಿಲ್ಲುವುದು. ಮೆಚ್ಚಿದ ಬಿಡಿಹಾಳೆ ಕೊಂಡು ಬೈಂಡಿಂಗ್ ಮಾಡುವವರ ಹತ್ತಿರ ಹೊಲಿಸಿಕೊಂಡರೆ ರೆಕ್ಸಿನ್ ಡೈರಿಯನ್ನೂ ಮೀರಿಸುವ ವಹಿಯಾಗುತ್ತದೆ.

ಬಿಸಿಲು, ಬೆವರು, ಬಾಳಿಕೆ

ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆಗ ಟೊಪ್ಪಿಗೆ ತೆಗೆದಿಟ್ಟ ನಿಬ್ಬು ಮಾತಾಡುವಷ್ಟರಲ್ಲಿ ಒಣಗುತ್ತದೆ. ಪುಟದ ಕೆಳಭಾಗದಲ್ಲಿ ಪೆನ್ನು ಏಕಾಏಕಿ ಮೊಂಡು ಹಿಡಿದರೆ ಕಾರಣ ಅಂಗೈ ಬೆವರಿನ ಜಿಡ್ಡು. ಜಿಡ್ಡು ಹತ್ತಿದಲ್ಲಿ ನೀರಿನ ಮಸಿ ಹಿಡಿಯುವುದಿಲ್ಲ. ಕೈಕೆಳಗೆ ಒಂದು ರದ್ದಿ ಹಾಳೆ ಇಟ್ಟುಕೊಂಡರೆ ಮುಗಿಯಿತು. ಮಳೆಗಾಲದಲ್ಲಿ ಹಾಳೆ ತೇವ ಎಳೆದುಕೊಂಡು ಅದೇ ವಹಿಯಲ್ಲಿ ಮಸಿ ತುಸು ಹೆಚ್ಚು ಒಡೆಯಬಹುದು.

ಮೊಮ್ಮಕ್ಕಳ ಕಾಲಕ್ಕೂ ದಿನಚರಿ ಇರಲಿ ಎನ್ನುವವರು ಆಮ್ಲದ ವಿಚಾರ ತಿಳಿದಿರಬೇಕು. ಹತ್ತೊಂಬತ್ತನೇ ಶತಮಾನದಿಂದ ಬಹುಕಾಲ ಗಿರಣಿಗಳು ರಾಳ ಮತ್ತು ಪಟಿಕದಿಂದ ಸೈಜಿಂಗ್ ಮಾಡಿದವು. ಅದು ಹಾಳೆಯಲ್ಲಿ ಆಮ್ಲ ಉಳಿಸುತ್ತದೆ, ಹಾಳೆ ಹಳದಿಯಾಗಿ ಮುಟ್ಟಿದರೆ ಮುರಿಯುತ್ತದೆ. ಸುಣ್ಣದಂಶ ಸೇರಿಸಿದ, ‘ಆಸಿಡ್ ಫ್ರೀ’ ಎಂದು ಅಚ್ಚಾದ ಕಾಗದ ಈ ಗತಿಗೆ ಬೇಗ ಬರುವುದಿಲ್ಲ. ತೊಳೆದರೆ ಹೋಗುವ ಶಾಲೆಯ ನೀಲಿ ಮಸಿಯೂ ಬೇಡ; ಅದು ಬೆಳಕಿಗೆ ಮಾಸುತ್ತದೆ.

ಕಮಲಾಪುರದಂಥ ಸಣ್ಣ ಊರಿನಲ್ಲಿ ಕೈಗೆಟಕುವುದು ಶಾಲೆಯ ನೋಟ್‌ಬುಕ್ ಒಂದೇ ಆಗಿದ್ದರೆ, ಅದಕ್ಕಾಗಿ ಬರೆಯುವುದನ್ನು ನಿಲ್ಲಿಸಬೇಕಿಲ್ಲ. ಬಾಲ್ ಪೆನ್ನು ಅಥವಾ ಸಣ್ಣ ಮೊನೆಯ ಜೆಲ್ ಹಿಡಿದು ಬಲಬದಿಯ ಪುಟದಲ್ಲಿ ಮಾತ್ರ ಬರೆಯಿರಿ. ಪೇಟೆಗೆ ಬಂದಾಗ ನಿಮ್ಮದೇ ಪೆನ್ನು ಜೇಬಿನಲ್ಲಿರಲಿ. ‘ಕಡೀ ಹಾಳಿ ಮ್ಯಾಲೆ ಸ್ವಲ್ಪ ಬರ್ದು ನೋಡ್ತೀನ್ರಿ’ ಎಂದು ಅಂಗಡಿಯವರನ್ನು ಕೇಳಿ, ‘ಸ್ತ್ರೀ’, ‘ಠ’, ‘ಥ’ ಬರೆದು, ಹಾಳೆ ತಿರುವಿ ನೋಡಿ, ಆಮೇಲೆ ದುಡ್ಡು ಕೊಡಿ.