ಜೋಳದ ಮಿಡತೆಯ ಒಂದು ವರ್ಷ

ಬಾದಾಮಿ ಬಳಿಯ ಚೊಳಚಗುಡ್ಡದ ಬನಶಂಕರಿ ಜಾತ್ರೆಗೆ ನೀವು ಹೋಗಿರಬಹುದು. ದಾರಿಯುದ್ದಕ್ಕೂ ಜೋಳದ ಹೊಲಗಳನ್ನು ಕಂಡಿರುತ್ತೀರಿ. ಉತ್ತರ ಕರ್ನಾಟಕದ ಈ ಬೆಳೆಗೆ ಹಳೆಯ ಶತ್ರುವೊಂದಿದೆ: ರೆಕ್ಕೆ ಬೆಳೆಯದ ದಖನ್ ಮಿಡತೆ.

ಕೆನಡಾದ ಲೆಸ್ಲಿ ಕೋಲ್‌ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೀಟ ಹಾಗೂ ಶಿಲೀಂಧ್ರ ತಜ್ಞರಾಗಿ ಬಂದರು. ಅವರು ಅಭ್ಯಸಿಸಿದ ಈ ಮಿಡತೆಗೆ ಸ್ಪೇನಿನ ಬೊಲಿವರ್ 1910ರಲ್ಲಿ 'ಕೋಲ್‌ಮೇನಿಯಾ ಸ್ಫೆನೇರಿಯಾಯ್ಡಿಸ್' ಎಂದು ಹೆಸರಿಟ್ಟರು. 1911ರಲ್ಲಿ ಕೋಲ್‌ಮನ್ ಅದರ ಜೀವನಕ್ರಮವನ್ನು ಕುರಿತು ಪುಸ್ತಿಕೆ ಪ್ರಕಟಿಸಿದರು.

ಋತುಮಾನದ ದಾಖಲೆಯಿಂದ ತಿಳಿದದ್ದೇನು? ಮಿಡತೆಗೆ ವರ್ಷಕ್ಕೆ ಒಂದೇ ಪೀಳಿಗೆ. ಮುಂಗಾರು ಮಳೆಗೆ ಮರಿಗಳು ಹೊರಬರುತ್ತವೆ. ಮಳೆಗಾಲದ ಕೊನೆಗೆ ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆಗಳು ಬೇಸಿಗೆಯುದ್ದಕ್ಕೂ ಅಲ್ಲೇ ಉಳಿಯುತ್ತವೆ. ಆಗ ಆಳವಾಗಿ ಉತ್ತರೆ ಅವು ಬಿಸಿಲಿಗೂ ಹಕ್ಕಿಗಳಿಗೂ ಸಿಕ್ಕಿ ನಾಶವಾಗುತ್ತವೆ. ಮಿಡತೆ ಹಾರಲಾರದ್ದರಿಂದ ದೂರದಿಂದ ಮತ್ತೆ ಬರುವ ಭಯವೂ ಕಡಿಮೆ. ವಿಷ ಸಿಂಪಡಿಸುವ ಮೊದಲೇ ಉಪಾಯ ದೊರೆಯಿತು.

ನೀವೂ ವಿದ್ಯಾರ್ಥಿಗಳೊಡನೆ ಹೊಲವೊಂದನ್ನು ಆರಿಸಿಕೊಳ್ಳಿ. ವಾರಕ್ಕೊಮ್ಮೆ ಅದೇ ಹೊತ್ತಿಗೆ, ಅದೇ ಹತ್ತು ಮೀಟರ್ ಸಾಲಿನಲ್ಲಿ ಕೀಟಗಳನ್ನು ಎಣಿಸಿ. ದಿನಾಂಕ, ಮಳೆ, ಬೆಳೆಯ ಎತ್ತರ ಬರೆಯಿರಿ. ಒಂದೂ ಕಾಣದ ದಿನ ಸೊನ್ನೆಯೆಂದೇ ಬರೆಯಿರಿ. ಭೌತವಿಜ್ಞಾನದಲ್ಲಿ ಸೊನ್ನೆಯೂ ಒಂದು ಅಳತೆಯೇ. ವರ್ಷ ಕಳೆದ ಮೇಲೆ ಆ ಪುಸ್ತಕವನ್ನು ಹೊಲದ ಒಡೆಯರಿಗೆ ತೋರಿಸಿ.