ಸಕ್ಕರೆ ಕಾಯಿಲೆ, ದುಗುಡ ಮತ್ತು ಮನಸ್ಸಿನ ಬಿಗಿತ

ದೀರ್ಘಕಾಲದ ಕಾಯಿಲೆಯವರ ದುಗುಡಕ್ಕೆ ಅವರ 'ಮಾನಸಿಕ ಬಿಗಿತ'ವೇ ಕಾರಣ ಎಂಬ ಮಾತು ಮನಶ್ಶಾಸ್ತ್ರದ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಎಷ್ಟರಮಟ್ಟಿಗೆ ಒಪ್ಪಬಹುದು ಎಂಬುದನ್ನು ಸಕ್ಕರೆ ಕಾಯಿಲೆಯ ನಿದರ್ಶನದಿಂದ ಇಲ್ಲಿ ಪರಿಶೀಲಿಸಿದ್ದೇನೆ.

ಬೆರಳಿಗೆ ಸೂಜಿ ಚುಚ್ಚಿ, ಸ್ಟ್ರಿಪ್ಪಿಗೆ ಒಂದು ಹನಿ ರಕ್ತ ತಾಗಿಸಿದರೆ ಗ್ಲುಕೋಮೀಟರ್ ಅಂಕಿ ತೋರಿಸುತ್ತದೆ. ಆದರೆ 'ಜಾಸ್ತಿ ಬಂದರೆ?' ಎಂಬ ಅಳುಕಿನಿಂದ ಕೆಲವರು ಮೀಟರನ್ನು ಮುಟ್ಟುವುದೇ ಇಲ್ಲ. ಅಳುಕು ಸಹಜ, ಅಳುಕು ಎದುರಾಗದಿರಲೆಂದು ಬೇಕಾದ ಕೆಲಸವನ್ನೇ ಕೈಬಿಡುವುದು ಬಿಗಿತ. ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು 1999ರ ತಮ್ಮ ಪುಸ್ತಕದಲ್ಲಿ ವಿವರಿಸಿದ 'ಆಕ್ಟ್' (ಸ್ವೀಕಾರ ಮತ್ತು ಬದ್ಧತೆಯ) ಚಿಕಿತ್ಸೆ ಸಡಿಲಿಸಲು ಹೊರಟದ್ದು ಇದನ್ನೇ.

ತೊಡಕಿರುವುದು ಅಳತೆಯಲ್ಲಿ. ಬಿಗಿತವನ್ನು ಅಳೆಯಲು 2011ರಲ್ಲಿ ಪ್ರಕಟವಾದ, ವ್ಯಾಪಕವಾಗಿ ಬಳಕೆಯಲ್ಲಿರುವ ಪ್ರಶ್ನಾವಳಿಯಲ್ಲಿ ಏಳು ಹೇಳಿಕೆಗಳಿವೆ. ಒಟ್ಟು ಅಂಕ 7ರಿಂದ 49. ಚಿಂತೆ, ನೋವಿನ ನೆನಪುಗಳು ಬದುಕಿಗೆ ಅಡ್ಡಬರುತ್ತವೆಯೇ ಎಂದು ಅವು ಕೇಳುತ್ತವೆ. ದುಗುಡದಲ್ಲಿರುವವರು ಇದಕ್ಕೆ ಹೌದೆನ್ನುವುದು ಸಹಜವೇ. ಈ ಹೇಳಿಕೆಗಳು ಸ್ವೀಕಾರಕ್ಕಿಂತ ದುಗುಡಕ್ಕೇ ಹತ್ತಿರವಾಗಿವೆ ಎಂದು ಮಾರ್ಟಿನ್ ವೋಲ್ಗಾಸ್ಟ್ 2014ರಲ್ಲಿ ತೋರಿಸಿದರು. ಹಾಗಾಗಿ ಒಂದೇ ದಿನ ಬಿಗಿತ, ದುಗುಡ ಎರಡನ್ನೂ ಅಳೆದು, ಒಂದು ಇನ್ನೊಂದಕ್ಕೆ ಕಾರಣ ಎನ್ನುವಂತಿಲ್ಲ.

ಇದಕ್ಕಿಂತ ಗಟ್ಟಿಯಾದ ಆಧಾರ ಜೆನ್ನಿಫರ್ ಗ್ರೆಗ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಮೆರಿಕದ ಪ್ರಯೋಗ. ಟೈಪ್ 2 ಮಧುಮೇಹದ 81 ಜನರಲ್ಲಿ ಒಂದು ಗುಂಪಿಗೆ ಬರಿಯ ಮಾಹಿತಿ, ಇನ್ನೊಂದಕ್ಕೆ ಮಾಹಿತಿಯೊಡನೆ ಆಕ್ಟ್ ತರಬೇತಿ. ಎರಡೂ ಒಂದೇ ದಿನದ ಕಾರ್ಯಾಗಾರಗಳು. ಮೂರು ತಿಂಗಳ ನಂತರ ಎರಡನೆಯ ಗುಂಪಿನಲ್ಲಿ ಹೆಚ್ಚು ಜನರ, ರಕ್ತದ ಸರಾಸರಿ ಸಕ್ಕರೆಯನ್ನು ಸೂಚಿಸುವ, ಎಚ್‌ಬಿಎ1ಸಿ ಮಿತಿಯೊಳಗಿತ್ತು. ಸ್ವೀಕಾರ ಮನೋಭಾವವೂ ಸ್ವಂತ ಆರೈಕೆಯೂ ಹೆಚ್ಚಿದ್ದೇ ಇದಕ್ಕೆ ದಾರಿಯಾಯಿತೆಂದು ಅವರ ವಿಶ್ಲೇಷಣೆ ಸೂಚಿಸಿತು. ಗುಂಪು ಚಿಕ್ಕದು, ಅವಧಿಯೂ ಚಿಕ್ಕದು. ಆದರೂ ಇಲ್ಲಿ ಫಲಿತಾಂಶವನ್ನು ಹೇಳಿದ್ದು ರಕ್ತಪರೀಕ್ಷೆ, ಪ್ರಶ್ನಾವಳಿಯಲ್ಲ.

ಇಲ್ಲಿ ಸ್ವೀಕಾರವೆಂದರೆ 'ಹಣೆಬರಹ' ಎಂದು ಕೈಚೆಲ್ಲುವುದಲ್ಲ. ಅಳುಕು ಇದ್ದಂತೆಯೇ ಸೂಜಿ ಚುಚ್ಚಿಕೊಂಡು, ಅಂಕಿ ನೋಡಿ, ಮಾಡಬೇಕಾದ್ದನ್ನು ಮಾಡುವುದು.

ಬಿಗಿತ ಸಡಿಲಿಸಿದರೆ ಆರೈಕೆ ಸುಧಾರಿಸೀತು ಎನ್ನಲು ಆಧಾರವಿದೆ. ದುಗುಡಕ್ಕೆ ಬಿಗಿತವೇ ಮೂಲ ಎನ್ನಲು ಈ ಪ್ರಶ್ನಾವಳಿಯ ಅಂಕಗಳು ಸಾಲವು. ಸ್ಟ್ರಿಪ್ಪಿಗೆ ಹಣವಿಲ್ಲದೆ ಪರೀಕ್ಷೆ ಬಿಟ್ಟವರೂ ನಮ್ಮ ನಡುವೆ ಇದ್ದಾರೆ. ಅವರನ್ನು ಬಿಗಿತದ ಲೆಕ್ಕಕ್ಕೆ ಸೇರಿಸುವ ಮುನ್ನ, ಪರೀಕ್ಷೆ ಬಿಟ್ಟದ್ದು ಅಳುಕಿನಿಂದಲೋ ಹಣವಿಲ್ಲದೆಯೋ ಎಂಬ ಪ್ರಶ್ನೆಯನ್ನು ಸಂಶೋಧಕರು ಕೇಳಬೇಕು.